ಹಾರ್ವಿಂಗ್ಟನ್ ಹಾಲ್: ಕಂಬದ ಹಿಂದಿನ ಕತ್ತಲು

ಇಂಗ್ಲೆಂಡಿನ ವೂಸ್ಟರ್‌ಶೈರ್‌ನಲ್ಲಿ, ಕಿಡರ್‌ಮಿನ್‌ಸ್ಟರ್ ಪಟ್ಟಣಕ್ಕೆ ಸಮೀಪ, ನೀರು ತುಂಬಿದ ಕಂದಕದ ನಡುವೆ ಹಾರ್ವಿಂಗ್ಟನ್ ಹಾಲ್ ಎಂಬ ಕೆಂಪಿಟ್ಟಿಗೆಯ ಮನೆಯಿದೆ. 1580ರ ದಶಕದಲ್ಲಿ ಇದನ್ನು ಈ ರೂಪಕ್ಕೆ ತಂದವನು ಹಂಫ್ರಿ ಪ್ಯಾಕಿಂಗ್ಟನ್ ಎಂಬ ಕ್ಯಾಥೊಲಿಕ್ ಜಮೀನ್ದಾರ. ಪಾದ್ರಿಗಳನ್ನು ಬಚ್ಚಿಡಲೆಂದೇ ಮಾಡಿದ ಏಳು ಅಡಗುದಾಣಗಳು ಇದರೊಳಗಿವೆ.

1570ರಲ್ಲಿ ಪೋಪ್ ಐದನೇ ಪಯಸ್ ಇಂಗ್ಲೆಂಡಿನ ಪ್ರಾಟೆಸ್ಟಂಟ್ ರಾಣಿ ಒಂದನೇ ಎಲಿಜಬೆತ್‌ಳನ್ನು ಬಹಿಷ್ಕರಿಸಿ, ಪ್ರಜೆಗಳು ಅವಳ ಮಾತು ಕೇಳಬೇಕಿಲ್ಲ ಎಂದು ಸಾರಿದ. ಅಲ್ಲಿಂದ ಮುಂದೆ ಪಾದ್ರಿಯೆಂದರೆ ಹೊರಗಿನವರ ಗೂಢಚಾರ ಎಂಬ ಭಯ ಪ್ರಾಟೆಸ್ಟಂಟರಲ್ಲಿ ಬಲಿಯಿತು. 1585ರ ಕಾಯ್ದೆಯ ಪ್ರಕಾರ ವಿದೇಶದಲ್ಲಿ ದೀಕ್ಷೆ ಪಡೆದ ಪಾದ್ರಿ ಇಂಗ್ಲೆಂಡಿನಲ್ಲಿರುವುದೇ ರಾಜದ್ರೋಹ. ಆಶ್ರಯ ಕೊಟ್ಟವರಿಗೂ ಮರಣದಂಡನೆ. ಬಲಿಪೂಜೆ ಅರ್ಪಿಸಲು ಬಂದವನು ಬೇರೆ, ಸಂಚು ಹೂಡಲು ಬಂದವನು ಬೇರೆ ಎಂಬ ವಿವೇಕ ಆ ಕಾಯ್ದೆಗೆ ಇರಲಿಲ್ಲ.

ಅಡಗುದಾಣಗಳ ಜಾಣ್ಮೆ ಬೆರಗು ಹುಟ್ಟಿಸುತ್ತದೆ. ಒಂದೆಡೆ ಮೆಟ್ಟಿಲನ್ನೇ ಮೇಲೆತ್ತಿದರೆ ಕೆಳಗೆ ಗೂಡು. ಇನ್ನೊಂದೆಡೆ ಬೆಂಕಿಯನ್ನೇ ಕಾಣದ ಹುಸಿ ಒಲೆಗೂಡು. ಅದರೊಳಗಿಂದ ಅಟ್ಟಕ್ಕೆ ದಾರಿ. ಗ್ರಂಥಾಲಯದ ಗೋಡೆಯಲ್ಲಿ ನೆಟ್ಟಗೆ ನಿಂತಿರುವ ಮರದ ಕಂಬವೊಂದು ಮನೆಯ ಭಾರ ಹೊತ್ತಂತೆ ತೋರುತ್ತದೆ. ಒತ್ತಿದರೆ ತಿರುಗಣಿಯ ಮೇಲೆ ಸರಿದು, ಒಬ್ಬರು ನುಸುಳುವಷ್ಟು ಸಂದು ತೆರೆಯುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯವರೆಗೂ ಈ ಗುಟ್ಟು ಯಾರಿಗೂ ಸಿಕ್ಕಿರಲಿಲ್ಲ.

ಇವುಗಳಲ್ಲಿ ಕೆಲವು ಯೇಸುಸಭೆಯ ಸಹೋದರ, ಬಡಗಿ ನಿಕೊಲಸ್ ಓವನ್‌ನ ಕೈಕೆಲಸವೆಂಬ ನಂಬಿಕೆಯಿದೆ. ಸಂಸತ್ತನ್ನು ಸಿಡಿಸಲು ಹೊರಟ ಕ್ಯಾಥೊಲಿಕರ 1605ರ ನವೆಂಬರಿನ ಮದ್ದುಗುಂಡಿನ ಸಂಚು ನಿಜವಾದದ್ದೇ. ಹೂಡಿದವರು ರಾಬರ್ಟ್ ಕೇಟ್ಸ್‌ಬಿ ಮತ್ತು ಅವನ ಗೆಳೆಯರು, ಪಾದ್ರಿಗಳಲ್ಲ. ಅದರ ಸುಳಿವು ಪಾಪನಿವೇದನೆಯ ಮೂಲಕ ಯೇಸುಸಭೆಯ ಹಿರಿಯ ಹೆನ್ರಿ ಗಾರ್ನೆಟ್‌ನ ಕಿವಿಗೆ ಬಿದ್ದಿತ್ತು. 1606ರ ಜನವರಿಯಲ್ಲಿ, ಇದೇ ಸೀಮೆಯ ಹಿಂಡ್ಲಿಪ್ ಮನೆಯನ್ನು ಭಟರು ದಿನಗಟ್ಟಲೆ ಜಾಲಾಡಿದಾಗ ಅಲ್ಲಿ ಅಡಗಿದ್ದ ಓವನ್ ಹಸಿವಿನಿಂದ ಹೊರಬಂದ. ಬಳಿಕ ಗಾರ್ನೆಟ್ ಸಿಕ್ಕಿಬಿದ್ದ. ಗಾರ್ನೆಟ್‌ನನ್ನು ಗಲ್ಲಿಗೇರಿಸಲಾಯಿತು. ಓವನ್ ಲಂಡನ್ ಟವರಿನ ಚಿತ್ರಹಿಂಸೆಯಲ್ಲಿ ಸತ್ತ. ಅಡಗುದಾಣಗಳ ಗುಟ್ಟು ಬಿಟ್ಟುಕೊಡಲಿಲ್ಲ.

1678ರ ಸಂಚಾದರೋ ಶುದ್ಧ ಕಟ್ಟುಕಥೆ. ಕ್ಯಾಥೊಲಿಕರು ದೊರೆ ಎರಡನೇ ಚಾರ್ಲ್ಸ್‌ನನ್ನು ಕೊಲ್ಲಲಿದ್ದಾರೆ ಎಂದು ಟೈಟಸ್ ಓಟ್ಸ್ ಹೆಣೆದ ಸುಳ್ಳಿಗೆ ಹಲವರ ಪ್ರಾಣ ಹೋಯಿತು. ಆ ಗಾಬರಿಯಲ್ಲೇ ಹಾರ್ವಿಂಗ್ಟನ್ ಸುತ್ತಮುತ್ತ ಸೇವೆ ಮಾಡುತ್ತಿದ್ದ ಫ್ರಾನ್ಸಿಸ್ಕನ್ ಪಾದ್ರಿ ಜಾನ್ ವಾಲ್ ಸೆರೆಸಿಕ್ಕ. ಸಂಚಿನಲ್ಲಿ ಅವನ ಪಾತ್ರ ಸಾಬೀತಾಗಲೇ ಇಲ್ಲ. ಪಾದ್ರಿಯಾಗಿರುವುದೇ ಸಾಕಾಯಿತು, 1679ರ ಆಗಸ್ಟ್ 22ರಂದು ವೂಸ್ಟರ್‌ನಲ್ಲಿ ಅವನನ್ನು ಕೊಂದರು. ಓವನ್, ವಾಲ್ ಇಬ್ಬರನ್ನೂ 1970ರಲ್ಲಿ ಸಂತರೆಂದು ಘೋಷಿಸಲಾಯಿತು.

ಪಾಳುಬಿದ್ದಿದ್ದ ಮನೆ 1923ರಲ್ಲಿ ಬರ್ಮಿಂಗ್‌ಹ್ಯಾಮ್ ಮಹಾಧರ್ಮಕ್ಷೇತ್ರದ ಕೈಸೇರಿ ದುರಸ್ತಿ ಕಂಡಿತು. ಇಂದು ಸಾರ್ವಜನಿಕರು ಒಳಹೊಕ್ಕು ಆ ಮೆಟ್ಟಿಲನ್ನೂ ಕಂಬವನ್ನೂ ನೋಡಬಹುದು.