ಜಗಳ ಇದ್ದದ್ದು ನಾಲ್ಕು ಮೂಲೆಗಳಲ್ಲಿ

ಮೊದಲು ಒಂದು ಲೆಕ್ಕ. ಚೌಕಾಕಾರದ ಒಂದು ಹೊಂಡ. ಮೇಲೆ ಬಾಯಿ 21 ಮೀಟರ್ ಉದ್ದ, 21 ಮೀಟರ್ ಅಗಲ. ತಳ 12 ಮೀಟರ್ ಉದ್ದ, 12 ಮೀಟರ್ ಅಗಲ. ಆಳ 3 ಮೀಟರ್. ನಾಲ್ಕೂ ಬದಿಗೆ ಒಂದೇ ಸಮನಾದ ಇಳಿಜಾರು. ತೆಗೆದ ಮಣ್ಣು ಎಷ್ಟು ಘನ ಮೀಟರ್? ಮುಂದೆ ಓದುವ ಮೊದಲು ನೀವೂ ಒಮ್ಮೆ ಮಾಡಿ ನೋಡಿ.

ಗದಗ ಜಿಲ್ಲೆಯ ನಮ್ಮೂರಿನಲ್ಲಿ ಅಕ್ಕನ ಗಂಡ ತೋಡಿಸಿದ ಕೃಷಿ ಹೊಂಡದ ಅಳತೆ ಇದು. ಜೆಸಿಬಿಯವರ ಜೊತೆ ಘನ ಮೀಟರಿಗೆ 60 ರೂಪಾಯಿ ಎಂದು ಮಾತಾಗಿತ್ತು. ಕೆಲಸ ಮುಗಿದ ಮೇಲೆ ಇಬ್ಬರ ಲೆಕ್ಕ ಬೇರೆ ಬೇರೆ ಬಂತು. ವಡೋದರಾದ ಮಕರಪುರದಲ್ಲಿರುವ ನನಗೆ ಫೋನ್ ಬಂತು. ‘ತಮ್ಮಾ, ನೀ ಎಂ.ಟೆಕ್. ಮಾಡೀದಿ. ಇಬ್ಬರೊಳಗ ಯಾರದು ಖರೆ, ಹೇಳಿಬಿಡು’ ಅಂದರು ಮಾಮಾ.

ಜೆಸಿಬಿಯವರು ಬಾಯಿಯ ವಿಸ್ತೀರ್ಣ 441 ಮತ್ತು ತಳದ ವಿಸ್ತೀರ್ಣ 144, ಇವೆರಡರ ಸರಾಸರಿ ತೆಗೆದು ಆಳದಿಂದ ಗುಣಿಸಿದ್ದರು: 877.5 ಘನ ಮೀಟರ್. ಮಾಮಾ ಬದಿಗಳ ಸರಾಸರಿ ತೆಗೆದಿದ್ದರು. 21 ಮತ್ತು 12ರ ನಡುವಿನದು 16.5, ಅದರ ವರ್ಗವನ್ನು 3ರಿಂದ ಗುಣಿಸಿದರೆ 816.75. ಎರಡೂ ಸರಾಸರಿಯೇ, ಎರಡೂ ನ್ಯಾಯವಾಗಿಯೇ ಕಾಣುತ್ತವೆ. ಆದರೆ ವ್ಯತ್ಯಾಸ 60.75 ಘನ ಮೀಟರ್. ಹಣದಲ್ಲಿ 3,645 ರೂಪಾಯಿ. ಒಂದೇ ಊರಿನವರ ನಡುವೆ ಮನಸ್ತಾಪಕ್ಕೆ ಇಷ್ಟು ಸಾಕು.

ನಾನು ಸೂತ್ರ ಹೇಳಲಿಲ್ಲ. ಹೊಂಡವನ್ನು ಮನಸ್ಸಿನಲ್ಲೇ ಕತ್ತರಿಸಿ, ಚಿತ್ರ ಬರೆದು ಕಳಿಸಿದೆ. ತಳದ ಮೇಲೆ ನೇರವಾಗಿ ನಿಂತ ನಡುವಿನ ಭಾಗ 12 × 12 × 3, ಅಂದರೆ 432. ನಾಲ್ಕು ಬದಿಗೆ ನಾಲ್ಕು ಇಳಿಜಾರು ತುಂಡು. ಒಂದೊಂದೂ 12 ಮೀಟರ್ ಉದ್ದ, 4.5 ಮೀಟರ್ ಅಗಲ, 3 ಮೀಟರ್ ಆಳದ ಪೆಟ್ಟಿಗೆಯ ಸರಿಯಾಗಿ ಅರ್ಧ, 81. ನಾಲ್ಕಕ್ಕೆ 324. ಇಲ್ಲಿಯವರೆಗೆ ಇಬ್ಬರ ಲೆಕ್ಕವೂ ಒಂದೇ.

ಉಳಿದದ್ದು ನಾಲ್ಕು ಮೂಲೆ. ಇಡೀ ಜಗಳ ಅಲ್ಲೇ ಕೂತಿತ್ತು. ಮೂಲೆಯ ತುಂಡು ಒಂದು ಪಿರಮಿಡ್. ಜೆಸಿಬಿಯವರ ಸರಾಸರಿ ಅದನ್ನು ತನ್ನ ಪೆಟ್ಟಿಗೆಯ ಅರ್ಧ ಎಂದು ಹಿಡಿಯುತ್ತದೆ, ಮಾಮಾನದು ಕಾಲು ಭಾಗ ಎಂದು. ನಿಜವಾಗಿ ಅದು ಮೂರರಲ್ಲಿ ಒಂದು ಭಾಗ. ಅನುಮಾನವಿದ್ದರೆ ಆಲೂಗಡ್ಡೆಯನ್ನು ಘನಾಕಾರವಾಗಿ ಹೆಚ್ಚಿಕೊಂಡು, ಒಂದೇ ಮೂಲೆಗೆ ತುದಿ ಸೇರುವಂತೆ ಕತ್ತರಿಸಿ. ಸಮನಾದ ಮೂರು ಪಿರಮಿಡ್ ಬರುತ್ತವೆ. ಹಾಗಾಗಿ ಒಂದು ಮೂಲೆಗೆ 4.5 × 4.5 × 3ರ ಮೂರನೇ ಒಂದು, 20.25, ನಾಲ್ಕಕ್ಕೆ 81. ಒಟ್ಟು 432 + 324 + 81 = 837 ಘನ ಮೀಟರ್. ಅವರದು 40.5 ಹೆಚ್ಚು, ಇವರದು 20.25 ಕಡಿಮೆ. ಮೋಸ ಯಾರೂ ಮಾಡಿರಲಿಲ್ಲ. ಚಿತ್ರ ನೋಡಿ ಇಬ್ಬರೂ 837ಕ್ಕೆ ಒಪ್ಪಿದರು. ಬಾಕಿ ಅಂದೇ ಚುಕ್ತಾ ಆಯಿತು.

ಈ ಲೆಕ್ಕ ನಮ್ಮವರಿಗೆ ಹೊಸದಲ್ಲ. ಕ್ರಿ.ಶ. 850ರ ಸುಮಾರಿಗೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಅಗೆತದ ಲೆಕ್ಕಕ್ಕೇ ಮೀಸಲಾದ ‘ಖಾತ ವ್ಯವಹಾರ’ ಎಂಬ ಭಾಗವಿದೆ. ಬದಿಗಳ ಸರಾಸರಿಯಿಂದ ಬರುವ ಫಲಕ್ಕೆ ಅವನು ಕೊಟ್ಟ ಹೆಸರು ಕರ್ಮಾಂತಿಕ, ವಿಸ್ತೀರ್ಣಗಳ ಸರಾಸರಿಯದಕ್ಕೆ ಔಂಡ್ರ. ಎರಡರ ವ್ಯತ್ಯಾಸದ ಮೂರನೇ ಒಂದು ಭಾಗವನ್ನು ಕರ್ಮಾಂತಿಕಕ್ಕೆ ಕೂಡಿಸಿದರೆ ಸೂಕ್ಷ್ಮ, ಅಂದರೆ ನಿಖರ ಫಲ. 60.75ರ ಮೂರನೇ ಒಂದು 20.25, ಅದನ್ನು 816.75ಕ್ಕೆ ಕೂಡಿಸಿ ನೋಡಿ, ಅದೇ 837. ಇದೇ ವಿಧಾನವನ್ನು 628ರಲ್ಲೇ ಬ್ರಹ್ಮಗುಪ್ತನೂ ಹೇಳಿದ್ದ. ಎರಡು ಒರಟು ಉತ್ತರಗಳಲ್ಲಿ ಒಂದನ್ನೂ ಬಿಸಾಡದೆ, ಎರಡನ್ನೂ ಸೇರಿಸಿ ನಿಜವನ್ನು ಹಿಡಿಯುವ ಈ ಜಾಣತನ ನನಗೆ ಬಹಳ ಇಷ್ಟ.

ನಾನಿರುವ ಊರಿಗೂ ಆ ಕಾಲಕ್ಕೂ ನಂಟಿದೆ. ವಡೋದರಾದ ಅತಿ ಹಳೆಯ ಉಲ್ಲೇಖ ಸಿಗುವುದು 812ರ ತಾಮ್ರಪಟದಲ್ಲಿ. ಆಗ ಅದು ಅಂಕೋಟ್ಟಕಕ್ಕೆ, ಅಂದರೆ ಇಂದಿನ ಅಕೋಟಾಕ್ಕೆ, ಸೇರಿದ್ದ ವಡಪದ್ರಕ ಎಂಬ ಹಳ್ಳಿ. ಆ ದಾನಪತ್ರ ಕೊಟ್ಟವನು ಲಾಟ ದೇಶವನ್ನು ಆಳುತ್ತಿದ್ದ ರಾಷ್ಟ್ರಕೂಟ ಶಾಖೆಯ ಕರ್ಕ ಸುವರ್ಣವರ್ಷ. ಮುಂದೆ ಬಾಲಕ ಅಮೋಘವರ್ಷನ ಬೆನ್ನಿಗೆ ನಿಂತವನೂ ಅವನೇ.

ಮಕರಪುರದ ಜಿಐಡಿಸಿ ಶೆಡ್ಡುಗಳಲ್ಲಿ ತಗಡಿನ ಹಾಪರ್ ಮಾಡುವವರಿಗೂ ಇದೇ ಆಕಾರ, ಇದೇ ಪ್ರಶ್ನೆ. ಇಲ್ಲಿಯ ರೈತರ ‘ಖೇತ್ ತಲಾವಡಿ’ಗೂ ಅಷ್ಟೇ. ನಿಮಗೂ ಊರಿಂದ ಇಂಥ ಫೋನ್ ಬಂದರೆ ಸುಲಭದ ದಾರಿ ಒಂದಿದೆ. ಬಾಯಿಯ ವಿಸ್ತೀರ್ಣ, ತಳದ ವಿಸ್ತೀರ್ಣ, ಅರ್ಧ ಆಳದಲ್ಲಿನ ವಿಸ್ತೀರ್ಣದ ನಾಲ್ಕು ಪಟ್ಟು, ಮೂರನ್ನೂ ಕೂಡಿಸಿ, ಆರರಿಂದ ಭಾಗಿಸಿ, ಆಳದಿಂದ ಗುಣಿಸಿ. ಬಾಯಿ ಚೌಕವಿರಲಿ, ಆಯತವಿರಲಿ, ಉತ್ತರ ಸರಿ ಬರುತ್ತದೆ. ಆದರೆ ದರ ಮಾತಾಡುವ ದಿನವೇ ಯಾವ ಲೆಕ್ಕ ಎಂಬುದನ್ನೂ ಮಾತಾಡಿಕೊಳ್ಳಲು ಹೇಳಿ. ಮಣ್ಣು ಮೇಲೆ ಬಂದ ಮೇಲೆ ಗಣಿತ ಹೇಳುವುದು ಕಷ್ಟ.