ಮಗ್ಗುಲ ಲೆಕ್ಕ

ಮೂಡಿಗೆರೆ ಕಡೆ ಮಳೆ ಹಿಡಿಯುವ ಮುಂಚೆ ಮರಗಸಿ, ಅಂದರೆ ನೆರಳುಮರಗಳ ಕೊಂಬೆ ಕಡಿಯುವ ಕೆಲಸ, ಮುಗಿಯಬೇಕು, ಬೇಸಗೆ ಏರುವ ಮುಂಚೆ ಮೆಣಸು ಕುಯ್ಯಬೇಕು. ಎರಡಕ್ಕೂ ಮರ ಹತ್ತದೆ ವಿಧಿಯಿಲ್ಲ. ಸಿಲ್ವರ್ ಓಕಿಗೆ ಆನಿಸಿದ ಏಣಿ ಜಾರಿ ಬೆನ್ನುಹುರಿಗೆ ಪೆಟ್ಟಾದವರನ್ನು ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಇಳಿಸಿ ಮಂಗಳೂರಿಗೆ ಒಯ್ಯುತ್ತಾರೆ. ಕಳಸದವರಾದರೆ ಕುದುರೆಮುಖದ ದಾರಿ ಹಿಡಿದು ಮಣಿಪಾಲಕ್ಕೆ. ಆಪರೇಷನ್ ಆಗುತ್ತದೆ, ಜೀವ ಉಳಿಯುತ್ತದೆ. ತೋಟದ ಲೈನ್ ಮನೆಗೆ ಮರಳಿ ಹಾಸಿಗೆ ಹಿಡಿದ ಮೇಲೆ ಸೊಂಟದ ಕೆಳಗೋ ಹಿಮ್ಮಡಿಯಲ್ಲೋ ಒಂದು ಕೆಂಪು ಕಲೆ ಕಂಡರೆ ಹಿರಿಯರು 'ನಂಜಾಗಿದೆ' ಅನ್ನುತ್ತಾರೆ. ಮೀನು ಬಿಡಿಸುತ್ತಾರೆ, ಮೊಟ್ಟೆ ಬಿಡಿಸುತ್ತಾರೆ. ಗಾಯ ಮಾಯಲು ಬೇಕಾದ ಪ್ರೋಟೀನೇ ತಟ್ಟೆಯಿಂದ ಹೋಗುತ್ತದೆ. ಹುಣ್ಣು ಮೂಳೆಯವರೆಗೂ ಇಳಿಯುತ್ತದೆ.

ನಂಜು ಎಂದವರನ್ನು ನಾನು ಹಳಿಯಲಾರೆ. 19ನೇ ಶತಮಾನದ ಪ್ಯಾರಿಸ್ಸಿನಲ್ಲಿ ನರವೈದ್ಯಕ್ಕೆ ಗುರುವಾಗಿದ್ದ ಶಾರ್ಕೋ ಕೂಡ ಹೆಚ್ಚುಕಡಿಮೆ ಹಾಗೇ ನಂಬಿದ್ದ. ಹಾಸಿಗೆ ಹುಣ್ಣಿನ ಮೂಲ ಕೆಟ್ಟ ನರದಲ್ಲಿದೆ, ಒತ್ತಡದ್ದು ಎರಡನೆಯ ಮಾತು ಎಂದು ಅವನು ಕಲಿಸಿದ. ನರ ಸತ್ತ ಮೈ ತಾನಾಗಿ ಕೊಳೆಯುವುದಾದರೆ ನರ್ಸ್ ಏನು ಮಾಡಿಯಾಳು? ದೊಡ್ಡವನ ಆ ಒಂದು ಮಾತು ಬಹುಕಾಲ ಕೈಗಳನ್ನು ಕಟ್ಟಿಹಾಕಿತು.

ಆದರೆ ಉತ್ತರ ಶಾರ್ಕೋಗಿಂತ ಮೊದಲೇ ಸಿಕ್ಕಿತ್ತು. ಬ್ರೌನ್-ಸೆಕಾರ್ ಎಂಬ ವಿಜ್ಞಾನಿ ಬೆನ್ನುಹುರಿ ಕತ್ತರಿಸಿದ ಗಿನಿ ಇಲಿಗಳನ್ನು ಸಾಕಿ ನೋಡಿ, ಕಂಡದ್ದನ್ನು 1853ರಲ್ಲಿ ಬರೆದಿದ್ದ: ಮೈಯ ಯಾವ ಭಾಗವೂ ಸದಾ ಅದುಮಿಕೊಂಡಿರದಂತೆ, ಮಲಮೂತ್ರದಲ್ಲಿ ನೆನೆಯದಂತೆ ನೋಡಿಕೊಂಡರೆ ಹುಣ್ಣೇ ಆಗುವುದಿಲ್ಲ. 1859ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಕೂಡ, ಇದು ಸಾಮಾನ್ಯವಾಗಿ ರೋಗದ ತಪ್ಪಲ್ಲ, ಶುಶ್ರೂಷೆಯ ತಪ್ಪು ಎಂದರು. ಇಬ್ಬರ ಮಾತೂ ಮೂಲೆಗೆ ಬಿತ್ತು.

1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್ಮನ್ ಬೆನ್ನುಹುರಿ ಪೆಟ್ಟಿನ ಸೈನಿಕರಿಗಾಗಿ ವಾರ್ಡ್ ತೆರೆದರು. ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಪ್ರತಿಯೊಬ್ಬರನ್ನೂ ಮಗ್ಗುಲಾಗಿಸಬೇಕು ಎಂಬುದು ಅವರ ಕಟ್ಟಪ್ಪಣೆ. ಸಾಯಲು ಬಿಟ್ಟಿದ್ದ ಹುಡುಗರು ಬದುಕಿದರು, ಗಾಲಿಕುರ್ಚಿಯಲ್ಲಿ ಆಟಕ್ಕೂ ಇಳಿದರು.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು, ನನ್ನನ್ನು ಹೆಚ್ಚು ಕಾಡಿದ್ದೂ ಅದೇ. ನಾವೆಲ್ಲ ದಿನಾ ರಾತ್ರಿ ಏಳೆಂಟು ಗಂಟೆ ಮಲಗುತ್ತೇವಲ್ಲ, ನಮಗೇಕೆ ಹುಣ್ಣಾಗುವುದಿಲ್ಲ? ಎಕ್ಸ್‌ಟನ್-ಸ್ಮಿತ್ ಮತ್ತು ಶೆರ್ವಿನ್ ಎಂಬಿಬ್ಬರು ಸಂಶೋಧಕರು ಆಸ್ಪತ್ರೆಗೆ ಹೊಸದಾಗಿ ಸೇರಿದ 50 ಮಂದಿ ವೃದ್ಧರ ಹಾಸಿಗೆಗೆ ಒಂದು ಸಾಧನ ಜೋಡಿಸಿದರು. ಮಲಗಿದವರು ರಾತ್ರಿ ಎಷ್ಟು ಸಲ ಅಲುಗಾಡುತ್ತಾರೆ ಎಂದು ಅದು ಎಣಿಸುತ್ತಿತ್ತು. 1961ರಲ್ಲಿ ಫಲಿತಾಂಶ ಅಚ್ಚಾಯಿತು. ರಾತ್ರಿಗೆ 50ಕ್ಕಿಂತ ಹೆಚ್ಚು ಸಲ ಅಲುಗಾಡಿದವರಲ್ಲಿ ಒಬ್ಬರಿಗೂ ಹುಣ್ಣಿಲ್ಲ. 20 ಸಲವೋ ಅದಕ್ಕಿಂತ ಕಡಿಮೆಯೋ ಅಲುಗಾಡಿದವರಲ್ಲಿ 100ಕ್ಕೆ 90 ಮಂದಿಗೆ ಹುಣ್ಣು. ನಮ್ಮ ನಿದ್ದೆಯೊಳಗೇ ಒಬ್ಬ ಕಾವಲುಗಾರ ಎಚ್ಚರವಾಗಿರುತ್ತಾನೆ. ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕ ಚರ್ಮದಲ್ಲಿ ರಕ್ತ ನಿಂತೊಡನೆ ನಮಗೇ ತಿಳಿಯದಂತೆ ಹೊರಳಿಸುತ್ತಾನೆ. ಬೆನ್ನುಹುರಿ ತುಂಡಾದವನಿಗೆ, ಲಕ್ವ ಹೊಡೆದವಳಿಗೆ ಆ ಕಾವಲು ಇಲ್ಲ. ಬೇರೆಯವರ ಕೈ ಆ ಕೆಲಸ ಮಾಡಬೇಕು.

ಅದೇ ಎಕ್ಸ್‌ಟನ್-ಸ್ಮಿತ್ ಜೊತೆ ಸೇರಿ ನರ್ಸ್ ಡೊರೀನ್ ನಾರ್ಟನ್ 1962ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಅದರಲ್ಲಿ ರೋಗಿಯ ದೇಹಸ್ಥಿತಿ, ಮನಸ್ಸಿನ ಎಚ್ಚರ, ನಡೆದಾಟ, ಅಲುಗಾಟ, ಮಲಮೂತ್ರದ ಹಿಡಿತ: ಐದಕ್ಕೂ ಅಂಕ ಕೊಟ್ಟು 20ಕ್ಕೆ ಕೂಡಿಸುವುದು. 14ಕ್ಕೆ ಇಳಿದರೆ ಅಪಾಯ. ಹುಣ್ಣು ಬಂದ ಮೇಲೆ ಮದ್ದು ಹುಡುಕುವ ಬದಲು ಯಾರಿಗೆ ಬರಲಿದೆ ಎಂದು ಮೊದಲೇ ಹೇಳುವ ಈ ದಾರಿ ಹಾಕಿಕೊಟ್ಟದ್ದು ಹಾಸಿಗೆಯ ಪಕ್ಕ ನಿಂತು ಕೆಲಸ ಮಾಡಿದ ನರ್ಸ್. ಇದನ್ನು ಹೇಳುವಾಗ ನನಗೆ ಹೆಮ್ಮೆಯೆನಿಸುತ್ತದೆ.

ಚಾರ್ಮಾಡಿ ಘಾಟಿ ಇಳಿದರೆ ಕೊಕ್ಕಡದ ಬಳಿ ಸೌತಡ್ಕದಲ್ಲಿ ಬೆನ್ನುಹುರಿ ಪೆಟ್ಟಾದವರಿಗೆಂದೇ ಸೇವಾಭಾರತಿ ನಡೆಸುವ 'ಸೇವಾಧಾಮ' ಇದೆ. ಅಲ್ಲಿಗೆ ಹೋಗಲಾಗದ ಮನೆಗಳಲ್ಲೂ ಮಾಡಬಹುದಾದದ್ದು ಬಹಳ. ಕೆಂಪಾದ ಜಾಗ ಬೆರಳಿನಲ್ಲಿ ಒತ್ತಿದಾಗ ಬಿಳಿಚಿಕೊಳ್ಳದಿದ್ದರೆ ಹುಣ್ಣು ಶುರುವಾಯಿತೆಂದೇ ಲೆಕ್ಕ. ಅದನ್ನು ತಿಕ್ಕಬಾರದು, ಅದರ ಮೇಲೆ ಭಾರ ಬೀಳಿಸಬಾರದು. ಸೊಂಟದಡಿ ಗಾಳಿ ತುಂಬಿದ ಟ್ಯೂಬು ಇಟ್ಟರೆ ಸುತ್ತಲಿನ ರಕ್ತದ ಓಟವೇ ಕಟ್ಟಿಕೊಳ್ಳುತ್ತದೆ. ಮೀನಖಂಡದಡಿ ದಿಂಬಿಟ್ಟು ಹಿಮ್ಮಡಿಯನ್ನು ಗಾಳಿಯಲ್ಲಿ ಬಿಡಬೇಕು. ಹೊರಳಿಸುವಾಗ ಎಳೆಯದೆ ಎತ್ತಬೇಕು. ಆಷಾಢದ ಕಳಸದಲ್ಲಿ ಬಟ್ಟೆ ಒಣಗುವುದೇ ಇಲ್ಲ, ನಿಜ. ಆದರೂ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ ಒಂದು ಹಾಸು ಸದಾ ಕೈಗೆ ಸಿಗುವಂತಿರಲಿ.

ಮಗ್ಗುಲ ಲೆಕ್ಕ ಇಡಲು ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು. ಗೋಡೆಗೆ ಅಂಟಿಸಿ ಬರೆಯುತ್ತ ಹೋಗುವುದು: ಹತ್ತಕ್ಕೆ ಎಡ, ಹನ್ನೆರಡಕ್ಕೆ ಬೆನ್ನು, ಎರಡಕ್ಕೆ ಬಲ, ನಾಲ್ಕಕ್ಕೆ ಮತ್ತೆ ಎಡ.