ಸೈಟು ಕೊಳ್ಳುವ ಮುನ್ನ ಬೀದಿಗಳನ್ನು ಎಣಿಸಿ

ಬೆಂಗಳೂರಿನ ಅಂಚಿನಲ್ಲಿ ಸೈಟು ನೋಡುವವರು ಖಾತೆ, ನೀರು, ದರ ವಿಚಾರಿಸುತ್ತಾರೆ. ಬಡಾವಣೆಯ ರಸ್ತೆ ಎಲ್ಲೆಲ್ಲಿಗೆ ಕೂಡುತ್ತದೆ ಎಂದೂ ಕೇಳಬೇಕು. ಬೀದಿಗಳು ಹೀಗೆ ಒಂದಕ್ಕೊಂದು ಕೂಡಿಕೊಂಡಿರುವುದಕ್ಕೆ ಸ್ಟ್ರೀಟ್ ಕನೆಕ್ಟಿವಿಟಿ ಎನ್ನುತ್ತಾರೆ.

ಜಯನಗರದಲ್ಲಿ ಮೇನ್ ರಸ್ತೆಗಳನ್ನು ಕ್ರಾಸ್‌ಗಳು ಹಾಯುತ್ತವೆ. ಒಂದು ರಸ್ತೆ ಅಗೆದರೆ ಪಕ್ಕದ ಕ್ರಾಸ್ ಹಿಡಿಯಬಹುದು. ಸರ್ಜಾಪುರ ರಸ್ತೆಯ ಆಸುಪಾಸಿನಲ್ಲಿ ಹಲವೆಡೆ ಈ ಅನುಕೂಲವಿಲ್ಲ. ಅಲ್ಲಿ ಹೊಲಗಳು ಬೇರೆ ಬೇರೆ ಕಾಲಕ್ಕೆ, ಬಿಡಿಬಿಡಿಯಾಗಿ ಬಡಾವಣೆಗಳಾದವು. ಒಳರಸ್ತೆ ಜಮೀನಿನ ಗಡಿಗೆ ನಿಂತಿತು; ಆಚೆ ಕಾಂಪೌಂಡ್ ಎದ್ದಿತು. ಹಿಂಬದಿಯ ಮನೆಗೂ ಮುಖ್ಯರಸ್ತೆ ಸುತ್ತಿಯೇ ಹೋಗಬೇಕು. ಎಲ್ಲ ವಾಹನಗಳೂ ಅದೊಂದೇ ರಸ್ತೆಗೆ ಬೀಳುತ್ತವೆ. ನಗರ ಹೀಗೆ ಅಡ್ಡಾದಿಡ್ಡಿ ಹರಡುವುದೇ ಅರ್ಬನ್ ಸ್ಪ್ರಾಲ್.

ಸಂಪರ್ಕವನ್ನು ಅಳೆಯುವುದು ಸುಲಭ. ನಕಾಶೆಯಲ್ಲಿ ರಸ್ತೆಗಳು ಕೂಡುವ ಜಾಗಗಳನ್ನೂ ಡೆಡ್ ಎಂಡ್‌ಗಳನ್ನೂ, ಅಂದರೆ ದಾರಿ ಮುಗಿಯುವ ತುದಿಗಳನ್ನೂ ಎಣಿಸಿ. ಇವು ನೋಡ್‌ಗಳು. ಎರಡು ನೋಡ್‌ಗಳ ನಡುವಿನ ರಸ್ತೆ ತುಂಡು ಒಂದು ಲಿಂಕ್. ಲಿಂಕ್‌ಗಳ ಸಂಖ್ಯೆಯನ್ನು ನೋಡ್‌ಗಳ ಸಂಖ್ಯೆಯಿಂದ ಭಾಗಿಸಿ. 12 ನೋಡ್‌ಗಳು ಸಾಲಿಗೆ 4ರಂತೆ 3 ಸಾಲಾಗಿ, ಚೌಕುಳಿಯಾಗಿ ಕೂಡಿದ್ದರೆ 17 ಲಿಂಕ್ ಬರುತ್ತವೆ. ಉತ್ತರ ಸುಮಾರು 1.4. ಇದು ಒಳ್ಳೆಯ ಸಂಪರ್ಕ. ಅದೇ 12 ನೋಡ್‌ಗಳು ಎಲ್ಲೂ ಸುತ್ತಿ ಕೂಡದೆ ಕವಲೊಡೆದಿದ್ದರೆ 11 ಲಿಂಕ್ ಮಾತ್ರ. ಉತ್ತರ 1ಕ್ಕಿಂತ ಕಡಿಮೆ. ಬಡಾವಣೆಯಿಂದ ಹೊರಬೀಳುವ ದಾರಿಗಳನ್ನು ಬೇರೆಯಾಗಿ ಎಣಿಸಿ. ಕನಿಷ್ಠ ಎರಡಾದರೂ ಇರಲಿ.

ಡೆಡ್ ಎಂಡ್ ಇದ್ದರೆ ಗಲಾಟೆ ಕಡಿಮೆಯಲ್ಲವೇ ಎನ್ನಬಹುದು. ನಿಜ. ಆದರೆ ಇರುವ ಒಂದೇ ದಾರಿ ಕಟ್ಟಿಕೊಂಡರೆ ಆಂಬುಲೆನ್ಸ್ ಬರುವುದಾದರೂ ಹೇಗೆ? ವಾಹನ ತಡೆದರೂ ನಡೆಯುವವರಿಗೆ, ಸೈಕಲ್ಲಿಗೆ ಗೋಡೆಯಲ್ಲಿ ದಾರಿ ಬಿಟ್ಟರೆ ನೆಮ್ಮದಿಯೂ ಉಳಿಯುತ್ತದೆ, ಸಂಪರ್ಕವೂ ಸಿಗುತ್ತದೆ.

ಈ ಪರಿಶೀಲನೆಗೆ ಹಣ ಬೇಕಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಈಗಿನ ರಸ್ತೆಗಳನ್ನು ನೋಡಿ. ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ತೋರಿಸುತ್ತದೆ. ಕಂದಾಯ ಇಲಾಖೆಯ ಜಾಲತಾಣದಿಂದ ಗ್ರಾಮ ನಕಾಶೆ ಇಳಿಸಿಕೊಂಡು, ಹಳೆಯ ಬಂಡಿದಾರಿ, ಕಾಲುದಾರಿಗಳನ್ನು ಗುರುತಿಸಿ. ಅವು ಒತ್ತುವರಿಯಾಗಿವೆಯೇ ಎಂದು ಸ್ಥಳಕ್ಕೆ ಹೋಗಿ ನೋಡಿ. ಬಡಾವಣೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಣಿಯಾಗಿದ್ದರೆ ಅನುಮೋದಿತ ನಕ್ಷೆಯನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಹುಡುಕಿ.

ಮನೆಯನ್ನು ಮುಂದೆ ಬದಲಿಸಿಕೊಳ್ಳಬಹುದು. ಗೋಡೆ ಎದ್ದ ಮೇಲೆ ರಸ್ತೆ ಬಿಡಿಸುವುದು ಕಷ್ಟ. ಮುಂಗಡ ಕೊಡುವ ಮೊದಲೇ ಎರಡನೆಯ ದಾರಿ ಎಲ್ಲಿದೆ ಎಂದು ಕೇಳಿ, ನಕ್ಷೆಯಲ್ಲಿ ತೋರಿಸಲು ಹೇಳಿ.